ನೆಲಕ್ಕೆ ಗೋಡೆ, ಕಡಲಿಗೆ ಬಾಗಿಲು

ನಮ್ಮ ಅಜ್ಜಿಯ ಮನೆ ಶ್ರೀರಂಗಪಟ್ಟಣದ ಗಂಜಾಂನಲ್ಲಿತ್ತು. ಬೇಸಿಗೆ ರಜೆ ಪೂರ್ತಿ ಅಲ್ಲೇ ಕಳೆಯುತ್ತಿದ್ದೆವು. ಬಿಸಿಲು ಇಳಿದ ಮೇಲೆ ಮಕ್ಕಳೆಲ್ಲ ಸೇರಿ ಕೋಟೆ ಕಡೆ ಹೋಗುತ್ತಿದ್ದೆವು. 1799ರ ಮೇ 4ರಂದು ಬ್ರಿಟಿಷರ ಸೈನ್ಯ ಗೋಡೆ ಒಡೆದು ಒಳಗೆ ನುಗ್ಗಿದ ಜಾಗದಲ್ಲಿ ಒಂದು ಕಲ್ಲಿನ ಕಂಬ ನಿಲ್ಲಿಸಿದ್ದಾರೆ. ಅದರ ಹತ್ತಿರ ನಿಂತು ಕೆಳಗೆ ನೋಡಿದರೆ ಕಾವೇರಿಯಲ್ಲಿ ನೀರಿಗಿಂತ ಬಂಡೆಯೇ ಜಾಸ್ತಿ ಕಾಣುತ್ತಿತ್ತು. "ಹೊಳೆ ತುಂಬಿ ಹರೀತಿದ್ದಿದ್ರೆ ಬರೋಕಾಗ್ತಿತ್ತಾ ಅವರಿಗೆ?" ಎಂದು ಅಜ್ಜಿ ಪ್ರತಿ ಸಲವೂ ಕೇಳುತ್ತಿದ್ದರು. ಉತ್ತರ ಬೇಕು ಅಂತ ಕೇಳುತ್ತಿರಲಿಲ್ಲ. ಸುಮ್ನೆ ಹೊಳೆ ನೋಡಿಕೊಂಡು ಕೇಳುತ್ತಿದ್ದರು.

ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ 2019ರ ಏಪ್ರಿಲ್‌ನಲ್ಲಿ ನಾನು ಇನ್ನೊಂದು ಕೋಟೆ ನೋಡಲು ಹೋದೆ. ಮೆಡಿಟರೇನಿಯನ್ ಸಮುದ್ರದ ಪೂರ್ವ ದಂಡೆಯಲ್ಲಿ, ಇಸ್ರೇಲಿನ ಹೈಫಾ ನಗರದ ಕೊಲ್ಲಿಗೆ ಉತ್ತರದ ತುದಿಯಲ್ಲಿರುವ ಊರು ಅದು. ಹೀಬ್ರೂ ಮಾತಾಡುವವರು ಅಕ್ಕೋ ಎನ್ನುತ್ತಾರೆ. ಇಂಗ್ಲಿಷಿನವರು ಏಕರ್ ಎನ್ನುತ್ತಾರೆ. ಅರಬ್ಬರ ಬಾಯಲ್ಲಿ ಅದು ಅಕ್ಕಾ. ಕನ್ನಡದ ಕಿವಿಗೆ ಈ ಹೆಸರೇ ಹತ್ತಿರ. ಹಾಗಾಗಿ ನಾನೂ ಅಕ್ಕಾ ಎಂದೇ ಬರೆಯುತ್ತೇನೆ.

ಅಷ್ಟು ದೂರದ ಊರಿಗೂ ಶ್ರೀರಂಗಪಟ್ಟಣಕ್ಕೂ ಏನು ಸಂಬಂಧ? ಒಂದು ಕಾಗದದ ಸಂಬಂಧ. ಈಜಿಪ್ಟನ್ನು ಗೆದ್ದು ಕೈರೋದಲ್ಲಿ ಕೂತಿದ್ದ ನೆಪೋಲಿಯನ್ 1799ರ ಜನವರಿ 25ರಂದು ಟಿಪ್ಪುವಿಗೆ ಒಂದು ಪತ್ರ ಬರೆದ. ದೊಡ್ಡ ಸೈನ್ಯದೊಂದಿಗೆ ಕೆಂಪು ಸಮುದ್ರದ ದಂಡೆಗೆ ಬಂದಿದ್ದೇನೆ, ಇಂಗ್ಲಿಷರ ಹಿಡಿತದಿಂದ ನಿಮ್ಮನ್ನು ಬಿಡಿಸಬೇಕೆಂದಿದ್ದೇನೆ, ಮಾತಾಡಲು ನಂಬಿಕಸ್ಥನೊಬ್ಬನನ್ನು ಕಳಿಸಿ ಎಂಬುದು ಅದರ ಸಾರ. ಆ ಪತ್ರ ಟಿಪ್ಪುವಿಗೆ ಮುಟ್ಟಲೇ ಇಲ್ಲ. ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಕೆಲವೇ ವಾರಗಳಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಕಡೆ ನಡೆದರು. ನೆಪೋಲಿಯನ್ ಅಕ್ಕಾದ ಕಡೆ ನಡೆದ. ಒಂದೇ ಬೇಸಿಗೆಯಲ್ಲಿ ಎರಡು ಕೋಟೆಗಳಿಗೆ ಮುತ್ತಿಗೆ ಬಿತ್ತು. ನಮ್ಮದು ಬಿತ್ತು. ಅದು ನಿಂತಿತು.

ಯಾಕೆ ನಿಂತಿತು ಎಂದು ಕಣ್ಣಾರೆ ನೋಡಬೇಕು ಅನ್ನಿಸಿತ್ತು.

ನಾನು ಹೋದ ದಿನ ಶನಿವಾರ. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಆದ್ದರಿಂದ ರೈಲು ಇರಲಿಲ್ಲ. ಹೈಫಾದಿಂದ ಹಂಚಿಕೊಂಡು ಹೋಗುವ ವ್ಯಾನ್ ಹತ್ತಿದೆ. ಪಕ್ಕದ ಸೀಟಿನಲ್ಲಿ ಕೂತಿದ್ದವರು ಫೋನಿನಲ್ಲಿ ತುಳು ಮಾತಾಡುತ್ತಿದ್ದರು. ಕರಾವಳಿಯ ಎಷ್ಟೋ ಜನ ವಯಸ್ಸಾದವರನ್ನು ಮನೆಯಲ್ಲಿ ನೋಡಿಕೊಳ್ಳುವ ಕೆಲಸಕ್ಕೆ ಇಸ್ರೇಲಿಗೆ ಹೋಗಿದ್ದಾರೆ. ಇವರೂ ಹಾಗೇ ಬಂದವರು. ನಾನು ಕನ್ನಡದಲ್ಲಿ ಮಾತಾಡಿಸಿದಾಗ, "ಅಯ್ಯೋ, ನೀವು ಯಾವ ಊರು ಮಾರಾಯ್ರೆ?" ಎಂದರು. ಮಂಗಳೂರಿನ ಕಡೆಯವರು. ಅಪ್ಪ ಬೋಟಿನಲ್ಲಿ ಮೀನು ಹಿಡಿಯಲು ಹೋಗುತ್ತಿದ್ದವರಂತೆ. ವಾರಕ್ಕೊಂದೇ ರಜೆ, ಅವತ್ತು ಕಡಲು ನೋಡಲು ಅಕ್ಕಾಗೆ ಬರುವುದು ರೂಢಿ ಎಂದರು. ಅವರು ನನಗಿಂತ ದೊಡ್ಡವರು. ನಾನು ಅವರನ್ನೂ ಅಕ್ಕ ಎಂದೇ ಕರೆದೆ.

ಹಳೆಯ ಊರು ಸಮುದ್ರಕ್ಕೆ ಚಾಚಿದ ಒಂದು ತುಂಡು ನೆಲದ ಮೇಲಿದೆ. ಪಶ್ಚಿಮಕ್ಕೂ ದಕ್ಷಿಣಕ್ಕೂ ನೀರು. ಉತ್ತರಕ್ಕೂ ಪೂರ್ವಕ್ಕೂ ನೆಲ. ಗೋಡೆಯ ದಪ್ಪವೆಲ್ಲ ನೆಲದ ಕಡೆಗೇ ಇದೆ. ಮೊದಲು ಕಾಣುವುದು ಒಂದು ಅಗಲವಾದ ಕಂದಕ, ಅದರಾಚೆ ಒಂದು ಗೋಡೆ, ಒಳಗೆ ಇನ್ನೊಂದು ಗೋಡೆ. ಮೇಲೆ ಹತ್ತಿ ನಡೆಯಬಹುದು. ಈಶಾನ್ಯದ ಮೂಲೆಯ ಬುರುಜಿನಲ್ಲಿ ಹಳೆಯ ಫಿರಂಗಿಗಳನ್ನು ಇಟ್ಟಿದ್ದಾರೆ. ಗೋಡೆ ಎತ್ತರವಿಲ್ಲ, ಆದರೆ ತುಂಬಾ ದಪ್ಪ. ಎತ್ತರದ ಗೋಡೆ ಏಣಿ ಹಾಕಿ ಬರುವವರ ಕಾಲದ್ದು. ಫಿರಂಗಿ ಬಂದ ಮೇಲೆ ಎತ್ತರವೇ ಅಪಾಯವಾಯಿತು. ಗುಂಡು ಬಡಿದರೆ ಎತ್ತರದ ಗೋಡೆ ಮಗುಚಿ ಬೀಳುತ್ತದೆ. ಹಾಗಾಗಿ ಗೋಡೆಗಳು ಕುಳ್ಳಾದವು, ದಪ್ಪವಾದವು, ಹೊಟ್ಟೆಯೊಳಗೆ ಮಣ್ಣು ತುಂಬಿಕೊಂಡವು. ಶ್ರೀರಂಗಪಟ್ಟಣದ ಗೋಡೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಊರಿನ ಕಲ್ಲಿನ ಬಗ್ಗೆ ಒಂದು ಮಾತು ಹೇಳಬೇಕು. ಅಲ್ಲಿಯ ಕಲ್ಲಿಗೆ ಕುರ್ಕಾರ್ ಎನ್ನುತ್ತಾರೆ. ಸಮುದ್ರದ ದಂಡೆಯ ಮರಳೇ ಗಟ್ಟಿಯಾಗಿ ಆದ ಕಲ್ಲು, ಹಳದಿ ಮಿಶ್ರಿತ ಕಂದು ಬಣ್ಣ. ಕಡಿಯುವುದು ಸುಲಭ. ಆದರೆ ಉಪ್ಪುಗಾಳಿಗೆ ಸವೆಯುತ್ತದೆ. ಕಡಲಿನ ಕಡೆಯ ಗೋಡೆಯನ್ನು ಹತ್ತಿರದಿಂದ ನೋಡಿದೆ. ಕೆಲವು ಕಲ್ಲುಗಳು ಒಳಗೊಳಗೇ ತಿಂದು ಹೋಗಿ ಸಣ್ಣ ಬಟ್ಟಲಿನ ಹಾಗೆ ಆಗಿದ್ದವು. ಬೆರಳಿಟ್ಟು ಉಜ್ಜಿದರೆ ಮರಳು ಉದುರಿತು. ಕಲ್ಲಿಗಿಂತ ಕಲ್ಲುಗಳ ನಡುವಿನ ಗಾರೆಯೇ ಗಟ್ಟಿಯಾಗಿ ಉಳಿದು ಗೆರೆಗೆರೆಯಾಗಿ ಎದ್ದು ಕಾಣುತ್ತಿತ್ತು.

ಬುರುಜಿನಿಂದ ಪೂರ್ವಕ್ಕೆ ನೋಡಿದರೆ ದೂರದಲ್ಲಿ ಒಂದು ದಿಬ್ಬ ಇದೆ. ಅಕ್ಕಾದ ಅತಿ ಹಳೆಯ ಊರು ಅಲ್ಲೇ ಇತ್ತು. ಈಗ ಜನ ಅದನ್ನು ನೆಪೋಲಿಯನ್ ಗುಡ್ಡ ಎನ್ನುತ್ತಾರೆ. ಅವನ ಮುತ್ತಿಗೆಯ ನೆನಪು ಹೆಸರಾಗಿ ಉಳಿದುಕೊಂಡಿದೆ. ಸುಮಾರು 13,000 ಸೈನಿಕರೊಂದಿಗೆ ಈಜಿಪ್ಟಿನಿಂದ ಹೊರಟ ನೆಪೋಲಿಯನ್ ದಾರಿಯಲ್ಲಿ ಗಾಜಾ ಹಿಡಿದ, ಜಾಫಾ ಹಿಡಿದ. ಮಾರ್ಚ್ ಮೂರನೇ ವಾರದಲ್ಲಿ ಅಕ್ಕಾದ ಮುಂದೆ ಬಂದು ನಿಂತ. ಅಕ್ಕಾವನ್ನು ಆಳುತ್ತಿದ್ದವನು ತುರ್ಕಿಯ ಒಟ್ಟೋಮನ್ ಸುಲ್ತಾನನ ಪಾಷಾ, ಅಂದರೆ ಪ್ರಾಂತಾಧಿಕಾರಿ, ಅಹ್ಮದ್ ಅಲ್-ಜಜ್ಜಾರ್, ಬೋಸ್ನಿಯಾದಿಂದ ಬಂದವನು. ಜಜ್ಜಾರ್ ಎಂದರೆ ಕಟುಕ. ಅವನ ಕ್ರೌರ್ಯಕ್ಕೆ ಜನ ಇಟ್ಟ ಹೆಸರು. ಅವನ ಲೆಕ್ಕಪತ್ರ ನೋಡುತ್ತಿದ್ದವನು ಹೈಮ್ ಫರ್ಹಿ ಎಂಬ ಯಹೂದಿ. ಜಜ್ಜಾರ್ ಸಿಟ್ಟಿನಲ್ಲಿ ಅವನ ಒಂದು ಕಣ್ಣು ಕೀಳಿಸಿದ್ದ, ಮೂಗು ಕೊಯ್ಸಿದ್ದ. ಅದೇ ಫರ್ಹಿ 1799ರಲ್ಲಿ ಊರು ಉಳಿಸಿಕೊಳ್ಳಲು ಹಗಲೂ ರಾತ್ರಿ ದುಡಿದ. ಅವನ ಬಗ್ಗೆ ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮುಂದೆ 1820ರಲ್ಲಿ ಇನ್ನೊಬ್ಬ ಪಾಷಾ ಅವನನ್ನು ಕೊಲ್ಲಿಸಿದ.

ಆಗ ಆದದ್ದು ಇಷ್ಟು. ಗೋಡೆ ಒಡೆಯುವ ಭಾರದ ಫಿರಂಗಿಗಳನ್ನು ಮರಳುಗಾಡಿನಲ್ಲಿ ಎಳೆದು ತರುವುದು ಕಷ್ಟ. ಅದಕ್ಕೆ ನೆಪೋಲಿಯನ್ ಅವನ್ನು ಹಡಗುಗಳಲ್ಲಿ ಕಳಿಸಿದ್ದ. ಬ್ರಿಟಿಷ್ ನೌಕಾಧಿಕಾರಿ ಸಿಡ್ನಿ ಸ್ಮಿತ್ ಅಕ್ಕಾದ ಎದುರಿಗೇ ಲಂಗರು ಹಾಕಿ ಕಾಯುತ್ತಿದ್ದ. ಆ ಹಡಗುಗಳಲ್ಲಿ ಹೆಚ್ಚಿನವನ್ನು ಹಿಡಿದ. ನೆಪೋಲಿಯನ್ನನ ಫಿರಂಗಿಗಳೇ ಅಕ್ಕಾದ ಗೋಡೆ ಹತ್ತಿ ನೆಪೋಲಿಯನ್ನನ ಕಡೆಗೇ ಬಾಯಿ ತೆರೆದವು. ಕೋಟೆ ಬಲಪಡಿಸಿದ ಎಂಜಿನಿಯರ್ ಫೆಲಿಪೋ ಕೂಡ ಫ್ರೆಂಚನೇ. ಕ್ರಾಂತಿಯನ್ನು ಒಪ್ಪದೆ ದೇಶ ಬಿಟ್ಟವನು, ಪ್ಯಾರಿಸ್ಸಿನ ಸೈನಿಕ ಶಾಲೆಯಲ್ಲಿ ನೆಪೋಲಿಯನ್ ಜೊತೆ ಓದಿದವನು. ಫ್ರೆಂಚರ ಬಳಿ ಗುಂಡುಗಳು ಎಷ್ಟು ಕಡಿಮೆಯಾದವು ಎಂದರೆ, ಕೋಟೆಯಿಂದ ಬಂದು ಬಿದ್ದ ಗುಂಡುಗಳನ್ನು ಹೆಕ್ಕಿ ತಂದ ಸೈನಿಕರಿಗೆ ದುಡ್ಡು ಕೊಡುತ್ತಿದ್ದರು.

ಮೇ 7ರಂದು ರೋಡ್ಸ್ ದ್ವೀಪದಿಂದ ಒಟ್ಟೋಮನ್ ಹಡಗುಗಳು ಹೊಸ ಸೈನಿಕರನ್ನು ತುಂಬಿಕೊಂಡು ಬರುವುದು ದಿಗಂತದಲ್ಲಿ ಕಂಡಿತು. ಅವರು ಇಳಿಯುವ ಮೊದಲೇ ಮುಗಿಸಬೇಕೆಂದು ಫ್ರೆಂಚರು ಜೋರಾಗಿ ನುಗ್ಗಿದರು. ಮರುದಿನ ಗೋಡೆಯ ಬಿರುಕಿನಿಂದ ಕೆಲವರು ಒಳಗೂ ಬಂದರು. ಒಳಗೆ ಬಂದರೆ ಎದುರಿಗೆ ಇನ್ನೊಂದು ಅಡ್ಡಗೋಡೆ. ಜಜ್ಜಾರನ ತೋಟದಲ್ಲಿ ಸಿಕ್ಕಿಬಿದ್ದು ಸತ್ತರು. ಶಿಬಿರದಲ್ಲಿ ಪ್ಲೇಗ್ ಹಬ್ಬಿತ್ತು. ಮೇ 20ರಂದು ನೆಪೋಲಿಯನ್ ಮುತ್ತಿಗೆ ಎತ್ತಿ ಹಿಂದಿರುಗಿದ. ಟಿಪ್ಪು ಸತ್ತು ಆಗಲೇ 16 ದಿನ ಆಗಿತ್ತು.

ನಾನು ಇದನ್ನೆಲ್ಲ ಅಕ್ಕನಿಗೆ ಗೋಡೆಯ ಮೇಲೆ ನಡೆಯುತ್ತಾ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಕೋಟೆ ಹತ್ರ ಅವತ್ತು ನೀರು ಎಷ್ಟಿತ್ತು?"

ಕೆಲವು ಕಡೆ ಪಾದ ಮುಳುಗುವಷ್ಟು, ಕೆಲವು ಕಡೆ ಸೊಂಟದವರೆಗೆ ಎಂದೆ. ಬ್ರಿಟಿಷ್ ಸೈನಿಕರು ಬಂಡೆಯಿಂದ ಬಂಡೆಗೆ ಹೊಳೆ ದಾಟಿ ಹತ್ತು ನಿಮಿಷದೊಳಗೆ ಬಿರುಕಿನ ಮೇಲೆ ನಿಂತಿದ್ದರು. ಮಳೆಗಾಲ ಶುರುವಾಗಿ ಕಾವೇರಿ ತುಂಬುವ ಮೊದಲೇ ಕೆಲಸ ಮುಗಿಸಬೇಕೆಂದು ಅವರು ಅವಸರ ಮಾಡಿದ್ದೂ ಅದಕ್ಕೇ. ಇನ್ನು ಒಂದೆರಡು ತಿಂಗಳು ಕಳೆದಿದ್ದರೆ ಹೊಳೆಯೇ ಕೋಟೆಯಾಗುತ್ತಿತ್ತು. ಅಕ್ಕಾದ ನೀರಿಗೆ ಬೇಸಿಗೆ ಇಲ್ಲ. ಅಷ್ಟೇ ಅಲ್ಲ, ಆ ನೀರಿನ ಮೇಲೆ ಅನ್ನ ಬರುತ್ತಿತ್ತು, ಮದ್ದುಗುಂಡು ಬರುತ್ತಿತ್ತು, ಜನ ಬರುತ್ತಿದ್ದರು. ಅಜ್ಜಿ ಕೇಳುತ್ತಿದ್ದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು ಅನ್ನಿಸಿತು. ಇನ್ನರ್ಧ ಊರಿನ ಒಳಗೆ ಹೋದ ಮೇಲೆ ಸಿಕ್ಕಿತು.

ಅಂದ ಹಾಗೆ, ಇವತ್ತು ನಾವು ನಡೆಯುವ ಆ ದಪ್ಪ ಹೊರಗೋಡೆಯನ್ನು ನೆಪೋಲಿಯನ್ ನೋಡಿಯೇ ಇಲ್ಲ. ಅವನು ಹೋದ ಮೇಲೆ, 1800ರ ನಂತರ, ಜಜ್ಜಾರ್ ಅದನ್ನು ಕಟ್ಟಲು ಶುರುಮಾಡಿದ. ಅವನ ನಂತರ ಬಂದವರು ಮುಗಿಸಿದರು. ನೆಪೋಲಿಯನ್ ಎದುರಿಸಿದ್ದು ಅದಕ್ಕಿಂತ ತೆಳ್ಳಗಿದ್ದ ಒಳಗೋಡೆಯನ್ನು. ಅದನ್ನು 1750ರ ಹೊತ್ತಿಗೆ ದಾಹಿರ್ ಅಲ್-ಉಮರ್ ಎಂಬ ಸ್ಥಳೀಯ ಅರಬ್ ನಾಯಕ ಕಟ್ಟಿಸಿದ್ದ. ತೆಳ್ಳಗಿನ ಗೋಡೆಯೇ ನೆಪೋಲಿಯನ್ನನನ್ನು ತಡೆಯಿತು. ಇದು ನೆನಪಿರಲಿ.

ಕೋಟೆಮನೆಯ ಕೆಳಗೆ ಇಳಿದರೆ ಅಕ್ಕಾ ಬೇರೆಯೇ ಊರು. ಮೇಲಿರುವುದು ಒಟ್ಟೋಮನ್ನರ ಊರು. ಅದರ ಕೆಳಗೆ, ಕೆಲವು ಮೀಟರ್ ಆಳದಲ್ಲಿ, ಕ್ರುಸೇಡರ ಊರು ಹಾಗೇ ಇದೆ. 1104ರಲ್ಲಿ ಯುರೋಪಿನ ಕ್ರೈಸ್ತ ಯೋಧರು ಜಿನೋವಾದ ಹಡಗುಗಳ ನೆರವಿನಿಂದ ಅಕ್ಕಾ ಹಿಡಿದರು. 1187ರಲ್ಲಿ ಮುಸ್ಲಿಂ ಸುಲ್ತಾನ ಸಲಾಹುದ್ದೀನ್ ಅದನ್ನು ಕಿತ್ತುಕೊಂಡ. 1189ರಲ್ಲಿ ಕ್ರೈಸ್ತರು ಮತ್ತೆ ಮುತ್ತಿಗೆ ಹಾಕಿದರು. ಸುಮಾರು ಎರಡು ವರ್ಷ ನಡೆದ ಆ ಮುತ್ತಿಗೆಯಲ್ಲಿ ಈಜಿಪ್ಟಿನ ಹಡಗುಗಳು ನುಸುಳಿ ಬಂದು ಊರಿಗೆ ಅನ್ನ ಕೊಡುತ್ತಿದ್ದವು. 1191ರಲ್ಲಿ ಫ್ರಾನ್ಸಿನ ಫಿಲಿಪ್, ಇಂಗ್ಲೆಂಡಿನ ರಿಚರ್ಡ್ ದೊಡ್ಡ ನೌಕಾಪಡೆ ತಂದು ಆ ದಾರಿ ಮುಚ್ಚಿದರು. ಜುಲೈ 12ರಂದು ಊರು ಶರಣಾಯಿತು. ಮುಂದಿನ ತಿಂಗಳು ರಿಚರ್ಡ್ ಸುಮಾರು 2,700 ಸೆರೆಯಾಳುಗಳನ್ನು ಊರ ಹೊರಗೆ ಕೊಲ್ಲಿಸಿದ. ಯುರೋಪಿನ ಕಥೆಗಳಲ್ಲಿ ಅವನನ್ನು ಸಿಂಹದೆದೆಯವನು ಎಂದು ಹೊಗಳುವುದನ್ನು ಕೇಳುತ್ತೇವಲ್ಲ, ಆಗ ಈ ಸಂಖ್ಯೆಯನ್ನೂ ಜೊತೆಗೆ ಹೇಳಬೇಕು.

ಅಲ್ಲಿಂದ ನೂರು ವರ್ಷ ಅಕ್ಕಾ ಕ್ರುಸೇಡರ ರಾಜ್ಯದ ರಾಜಧಾನಿ. ಹಾಸ್ಪಿಟಲರ್ ಎಂಬ ಪಂಗಡದ ಯೋಧ ಸನ್ಯಾಸಿಗಳು ಕಟ್ಟಿದ ಮಠ ಈಗಲೂ ನೆಲದಡಿ ಇದೆ. ಅದರ ಊಟದ ಮನೆಯಲ್ಲಿ ನಾನು ಬಹಳ ಹೊತ್ತು ನಿಂತಿದ್ದೆ. ನಡುವೆ ಮೂರು ದುಂಡು ಕಂಬಗಳು. ಐದಾರು ಜನ ಕೈ ಕೈ ಹಿಡಿದರೆ ಮಾತ್ರ ಒಂದನ್ನು ಸುತ್ತಬಹುದು, ಅಷ್ಟು ದಪ್ಪ. ಕಂಬದ ತಲೆಯಿಂದ ಕಮಾನುಗಳು ಕೊಡೆಯ ಕಡ್ಡಿಗಳ ಹಾಗೆ ಎಲ್ಲ ಕಡೆಗೂ ಹರಡಿ ಚಾವಣಿ ಹೊತ್ತಿವೆ. ಮೂಲೆಯೊಂದರಲ್ಲಿ ಫ್ರಾನ್ಸಿನ ಅರಸರ ಗುರುತಾದ ನೈದಿಲೆಯಂಥ ಹೂವನ್ನು ಕೆತ್ತಿದ್ದಾರೆ. ಒಳಗೆ ತಂಪು. ಯಾರೋ ಮಗುವೊಂದು ಕೂಗಿದ್ದು ಕಮಾನಿನಿಂದ ಕಮಾನಿಗೆ ಹಾಯ್ದು ನಿಧಾನವಾಗಿ ಕರಗಿತು. ಈ ಕಟ್ಟಡ ಉಳಿದಿದ್ದು ಮಣ್ಣಿನಿಂದ. ಹಾಳುಬಿದ್ದ ಮಠದ ಕೋಣೆಗಳಿಗೆ ಮಣ್ಣು ತುಂಬಿ, ಅದನ್ನೇ ಅಡಿಪಾಯ ಮಾಡಿಕೊಂಡು ಒಟ್ಟೋಮನ್ನರು ಮೇಲೆ ಕೋಟೆಮನೆ ಕಟ್ಟಿದರು. 20ನೇ ಶತಮಾನದಲ್ಲಿ ಆ ಮಣ್ಣನ್ನು ತೆಗೆದು ಹೊರಹಾಕಿದಾಗ ಇದೆಲ್ಲ ಕಂಡಿತು.

ಇನ್ನೊಂದು ಪಂಗಡ ಟೆಂಪ್ಲರರದು. ಅವರ ಕೋಟೆ ನೈರುತ್ಯದ ತುದಿಯಲ್ಲಿತ್ತು, ಈಗ ಅದರ ಅಡಿಪಾಯ ಅಲೆಗಳ ಕೆಳಗಿದೆ. ಆದರೆ ಅವರು ಕೊರೆದ ಸುರಂಗ ಉಳಿದಿದೆ. 1994ರಲ್ಲಿ ಒಂದು ಮನೆಯ ಚರಂಡಿ ಕಟ್ಟಿಕೊಂಡು ಅದನ್ನು ನೋಡಲು ಹೋದಾಗ ಸಿಕ್ಕಿತು. ಸುಮಾರು 150 ಮೀಟರ್ ಉದ್ದ. ತಲೆ ಬಗ್ಗಿಸಿ ನಡೆಯಬೇಕು, ಕಾಲ ಕೆಳಗೆ ನೀರು ಜಿನುಗುತ್ತದೆ. ಕೋಟೆಯಿಂದ ಶುರುವಾಗುವ ಆ ಸುರಂಗ ಊರಿನ ಅಡಿಯಲ್ಲಿ ಹಾಯ್ದು ಹೋಗಿ ಸೇರುವುದು ಬಂದರನ್ನು. ಅಷ್ಟು ಬಲಶಾಲಿಗಳಾದ ಯೋಧರೂ ಗೋಡೆಯನ್ನು ನಂಬಿ ಕೂರಲಿಲ್ಲ. ಕಡಲಿಗೆ ತಮ್ಮದೇ ಒಂದು ದಾರಿ ಮಾಡಿಕೊಂಡಿದ್ದರು.

ಬಂದರೇ ಊರಿನ ಹೊಟ್ಟೆ. ಜಿನೋವಾ, ವೆನಿಸ್, ಪಿಸಾ ಊರುಗಳ ವ್ಯಾಪಾರಿಗಳಿಗೆ ಇಲ್ಲಿ ಬೇರೆ ಬೇರೆ ಕೇರಿಗಳಿದ್ದವು. ಬಂದರಿನ ಬಾಯಿಗೆ ಕಬ್ಬಿಣದ ಸರಪಳಿ. 1184ರಲ್ಲಿ ಇಲ್ಲಿಗೆ ಬಂದ ಸ್ಪೇನಿನ ಮುಸ್ಲಿಂ ಯಾತ್ರಿಕ ಇಬ್ನ್ ಜುಬೈರ್ ಸುಂಕದ ಕಟ್ಟೆಯನ್ನು ನೋಡಿ ಬರೆದಿಟ್ಟಿದ್ದಾನೆ. ಜಮಖಾನೆ ಹಾಸಿದ ಕಲ್ಲಿನ ಜಗಲಿಯ ಮೇಲೆ ಕ್ರೈಸ್ತ ಗುಮಾಸ್ತರು ಕೂತು, ಬಂಗಾರದ ಕುಸುರಿಯ ಕರಿಮರದ ಮಸಿಕುಡಿಕೆ ಇಟ್ಟುಕೊಂಡು, ಅರಬ್ಬಿಯಲ್ಲಿ ಲೆಕ್ಕ ಬರೆಯುತ್ತಿದ್ದರಂತೆ. ಎರಡು ಧರ್ಮಗಳು ಒಂದನ್ನೊಂದು ಕೊಲ್ಲುತ್ತಿದ್ದ ಕಾಲ ಅದು. ಆಗಲೂ ಸುಂಕದ ಕಟ್ಟೆಯ ಲೆಕ್ಕ ನಡೆಯುತ್ತಲೇ ಇತ್ತು. ಅಕ್ಕಾದ ಬಗ್ಗೆ ನನಗೆ ಅತ್ಯಂತ ಇಷ್ಟವಾದ ಚಿತ್ರ ಇದೇ.

1291ರಲ್ಲಿ ಈಜಿಪ್ಟಿನ ಮಮ್ಲೂಕ್ ಸುಲ್ತಾನ ಅಲ್-ಅಶ್ರಫ್ ಖಲೀಲ್ ಬಂದ. ಕಲ್ಲೆಸೆಯುವ ದೊಡ್ಡ ಯಂತ್ರವೊಂದನ್ನು ಬಿಡಿಸಿ ನೂರು ಗಾಡಿಗಳಲ್ಲಿ ಹೇರಿ ತಂದಿದ್ದರು. ಆ ಗಾಡಿಗಳಲ್ಲೊಂದನ್ನು ನೋಡಿಕೊಂಡ ಹುಡುಗ ಅಬುಲ್ ಫಿದಾ ಮುಂದೆ ದೊಡ್ಡ ಇತಿಹಾಸಕಾರನಾದ. ಎಂಟು ದಿನದ ದಾರಿಗೆ ಮಳೆ ಚಳಿಯಲ್ಲಿ ಒಂದು ತಿಂಗಳು ಹಿಡಿಯಿತು, ಎತ್ತುಗಳು ಸತ್ತವು ಎಂದು ಅವನೇ ಬರೆದಿದ್ದಾನೆ. ಆಗ ಅಕ್ಕಾಗೆ ಎರಡು ಸುತ್ತಿನ ಗೋಡೆ ಇತ್ತು. ಕಡಲೂ ಕ್ರೈಸ್ತರ ಕೈಯಲ್ಲೇ ಇತ್ತು. ಆದರೂ ಮೇ 18ರಂದು ಊರು ಬಿತ್ತು.

ಇಲ್ಲಿ ನಾನು ಅಂದುಕೊಂಡಿದ್ದ ಲೆಕ್ಕ ತಪ್ಪಿತು. ನೀರಿದ್ದರೆ ಸಾಕು ಅಂತಲ್ಲ. ಆ ನೀರಿನ ಮೇಲೆ ಯಾರು ಬರುತ್ತಾರೆ ಅನ್ನುವುದು ಮುಖ್ಯ. 1291ರಲ್ಲಿ ಸಾಕಷ್ಟು ನೆರವು ಬರಲಿಲ್ಲ. ಹಡಗುಗಳು ಜನರನ್ನು ಹೊರಗೆ ಸಾಗಿಸಲು ಮಾತ್ರ ಉಪಯೋಗಕ್ಕೆ ಬಂದವು, ಅದೂ ಎಲ್ಲರಿಗೂ ಸಾಲಲಿಲ್ಲ. ಗೆದ್ದವರು ಊರನ್ನು ಕೆಡವಿದರು. ಒಂದು ಚರ್ಚಿನ ಬಾಗಿಲುವಾಡವನ್ನು ಕಳಚಿ ಕೈರೋಗೆ ಒಯ್ದರು. ಅಲ್ಲಿ ಸುಲ್ತಾನ ಅಲ್-ನಾಸಿರ್ ಮುಹಮ್ಮದನ ಮದರಸಾಕ್ಕೆ ಅದು ಈಗಲೂ ಬಾಗಿಲು. ಅಕ್ಕಾ ನಾನೂರಕ್ಕೂ ಹೆಚ್ಚು ವರ್ಷ ಹಾಳುಬಿದ್ದಿತ್ತು.

ಮತ್ತೆ ಕಟ್ಟಿದವರು ಆಗಲೇ ಹೇಳಿದ ದಾಹಿರ್ ಮತ್ತು ಜಜ್ಜಾರ್. ಹತ್ತಿಯ ವ್ಯಾಪಾರದ ದುಡ್ಡು ಅದಕ್ಕೆ ಆಧಾರ. 1781ರಲ್ಲಿ ಜಜ್ಜಾರ್ ಕಟ್ಟಿಸಿದ ಮಸೀದಿಯ ಹಸಿರು ಗುಮ್ಮಟ ಈಗಲೂ ಊರಿನ ಗುರುತು. ಅದರ ಅಂಗಳದ ಕಂಬಗಳು ಸೀಸೇರಿಯಾ ಎಂಬ ಹಾಳು ರೋಮನ್ ಪಟ್ಟಣದಿಂದ ತಂದವು. ಬಂದರಿನ ಪಕ್ಕದ ಖಾನ್ ಅಲ್-ಉಮ್ದಾನ್, ಅಂದರೆ ಕಂಬಗಳ ಛತ್ರ, 1784ರದು. ಅದರ ಗ್ರಾನೈಟ್ ಕಂಬಗಳೂ ಅಲ್ಲಿಂದಲೇ. ಕೆಳಗೆ ಒಂಟೆ, ಕತ್ತೆ, ಸರಕು. ಮೇಲೆ ವ್ಯಾಪಾರಿಗಳಿಗೆ ಕೋಣೆ. ನಡುವೆ ನೀರಿನ ಕೊಳ. ಹಳೆಯ ಸುಂಕದ ಕಟ್ಟೆ ಇದ್ದ ಜಾಗದಲ್ಲೇ ಇದು ಎದ್ದಿದೆ. ಬಾಗಿಲ ಮೇಲಿನ ಗಡಿಯಾರದ ಗೋಪುರ ಮಾತ್ರ 1906ರದು.

ದಪ್ಪ ಗೋಡೆಯ ಕಥೆ ಇನ್ನೂ ಬಾಕಿ ಇದೆ. 1832ರಲ್ಲಿ ಈಜಿಪ್ಟಿನ ಇಬ್ರಾಹಿಂ ಪಾಷಾ ಆರು ತಿಂಗಳು ಮುತ್ತಿಗೆ ಹಾಕಿ ಅಕ್ಕಾ ಹಿಡಿದ. 1840ರ ನವೆಂಬರ್ 3ರಂದು ಬ್ರಿಟಿಷ್, ಆಸ್ಟ್ರಿಯನ್, ಒಟ್ಟೋಮನ್ ಹಡಗುಗಳು ಸೇರಿ ಕಡಲಿನ ಕಡೆಯಿಂದ ಗುಂಡು ಹಾರಿಸಿದವು. ಉಗಿ ಹಡಗುಗಳೂ ಇದ್ದವು. ಒಂದು ಗುಂಡು ಮದ್ದಿನ ಮನೆಗೆ ಬಿತ್ತು. ಒಂದೇ ಸ್ಫೋಟಕ್ಕೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಮರುದಿನ ಅಕ್ಕಾ ಅವರ ಕೈಯಲ್ಲಿತ್ತು. ನೆಪೋಲಿಯನ್ ಮತ್ತೆ ಬಂದಾನೆಂದು ಕಟ್ಟಿದ ಆ ದಪ್ಪ ಗೋಡೆ ನೆಲದ ಕಡೆ ಮುಖ ಮಾಡಿಕೊಂಡು ನಿಂತೇ ಇತ್ತು.

ಆಮೇಲಿನ ಕಾಲದಲ್ಲಿ ಕೋಟೆಮನೆ ಜೈಲಾಯಿತು. 1868ರಲ್ಲಿ ಬಹಾಯಿ ಧರ್ಮದ ಸ್ಥಾಪಕ ಬಹಾವುಲ್ಲಾ ಅವರನ್ನು ತಂದು ಇಲ್ಲಿ ಕೂಡಿಹಾಕಿದರು. ಬಂದರಿನಲ್ಲಿ ಹೂಳು ತುಂಬಿತು. ದೊಡ್ಡ ಹಡಗುಗಳು ಹೈಫಾ ಕಡೆ ತಿರುಗಿದವು. ಅದೇ ಹೈಫಾವನ್ನು 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಕುದುರೆ ಸವಾರರು ಹಿಡಿದರು. ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿನ ಫಿರಂಗಿಗಳ ಮೇಲೆ ಬಿದ್ದವರು ಮೈಸೂರು ಲ್ಯಾನ್ಸರ್ಸ್. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಅದೇ ದಿನ ಅಕ್ಕಾ ಕೂಡ ಬ್ರಿಟಿಷರ ವಶವಾಯಿತು. ಅಕ್ಕಾದ ಗೋಡೆಯಿಂದ ನೋಡಿದರೆ ಕೊಲ್ಲಿಯ ಆಚೆ ಕಾರ್ಮೆಲ್ ಬೆಟ್ಟ ನೀಲಿಯಾಗಿ ಕಾಣುತ್ತದೆ. 1948ರ ಯುದ್ಧದಲ್ಲಿ ಊರಿನ ಅರಬ್ಬರಲ್ಲಿ ಬಹಳ ಜನ ಮನೆ ಬಿಟ್ಟು ಹೋದರು. ಈಗ ಹಳೆಯ ಊರಿನಲ್ಲಿ ಇರುವವರಲ್ಲಿ ಹೆಚ್ಚಿನವರು ಅರಬ್ಬರೇ. 2001ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಂಜೆ ಬಂದರಿಗೆ ಬಂದೆವು. ಮೀನಿನ ದೋಣಿಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಒಬ್ಬ ಅಜ್ಜ ಹರಿದ ಬಲೆಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ನೇಯುತ್ತಿದ್ದ. "ನಮ್ಮ ಧಕ್ಕೆಯ ಹಾಗೇ ಉಂಟು," ಎಂದರು ಅಕ್ಕ. ಸ್ವಲ್ಪ ಹೊತ್ತು ನೀರಿನ ಬಣ್ಣ ನೋಡಿ, "ಇಲ್ಲಿ ಆಳ ಇಲ್ಲ. ದೊಡ್ಡ ಬೋಟು ಬರ್ಲಿಕ್ಕೆ ಆಗುದಿಲ್ಲ," ಎಂದರು. ನಾನು ಪುಸ್ತಕದಲ್ಲಿ ಓದಿ ತಿಳಿದದ್ದನ್ನು ಅವರು ನೋಡಿಯೇ ಹೇಳಿದರು.

ಪಕ್ಕದ ಗೋಡೆಯ ಅಂಚಿನಲ್ಲಿ ಊರಿನ ಹುಡುಗರು ಸಾಲಾಗಿ ನಿಂತು ಒಬ್ಬೊಬ್ಬರಾಗಿ ಕಡಲಿಗೆ ಹಾರುತ್ತಿದ್ದರು. ಹಾರಿದವನು ಈಜಿ ಬಂದು, ಸವೆದ ಕಲ್ಲುಗಳ ಆ ಗುಳಿಗಳಿಗೆ ಕಾಲಿಟ್ಟುಕೊಂಡು ಮತ್ತೆ ಮೇಲೆ ಹತ್ತುತ್ತಿದ್ದ. ಅಕ್ಕ ಊರಿಗೆ ವಿಡಿಯೋ ಕಾಲ್ ಮಾಡಿದರು. ಆ ಕಡೆಯಿಂದ ಅವರ ಅಮ್ಮನ ದನಿ ಕೇಳಿತು. ಕೋಟೆ ತೋರಿಸುತ್ತಾರೇನೋ ಅಂದುಕೊಂಡೆ. ಅವರು ಗೋಡೆಗೆ ಬೆನ್ನು ಕೊಟ್ಟು ನಿಂತು, ಫೋನನ್ನು ನೀರಿನ ಕಡೆ ತಿರುಗಿಸಿದರು.